ಆಥರ್‌ಏಡ್ ಸೇರಲಾ, ವೈಐಎಂಗೆ ಹೋಗಲಾ?

ಪಿಎಚ್‌ಡಿ ಮುಗಿಸಿ ಮೆಂಟರ್ ಹುಡುಕುತ್ತಿದ್ದೀರಿ, ಅಲ್ವಾ? 2007ರಲ್ಲಿ ಶುರುವಾದ ಆಥರ್‌ಏಡ್, ಅಂದರೆ ಲೇಖನ ಬರೆಯುವ ಸಂಶೋಧಕರಿಗೆ ಮೆಂಟರ್ ಸಿಗುವ ಜಾಲ, ಉಚಿತ, ಆನ್‌ಲೈನ್, ಯಾವ ವಿಷಯದವರಿಗೂ ಸೈ. ಇಂಡಿಯಾಬಯೋಸೈನ್ಸ್ ಸಂಸ್ಥೆಯ ವೈಐಎಂ (ಯಂಗ್ ಇನ್ವೆಸ್ಟಿಗೇಟರ್ಸ್ ಮೀಟಿಂಗ್, ಯುವ ವಿಜ್ಞಾನಿಗಳ ಸಮಾವೇಶ) ಜೀವವಿಜ್ಞಾನದವರಿಗೆ. ಅರ್ಜಿ ಹಾಕಿ ಆಯ್ಕೆಯಾಗಬೇಕು.

ಆಥರ್‌ಏಡ್‌ನಲ್ಲಿ ಲೇಖನದ ಕರಡು ತಿದ್ದೋಕೆ, ಜರ್ನಲ್‌ನ ವಿಮರ್ಶಕರಿಗೆ ಉತ್ತರ ಬರೆಯೋಕೆ ನೆರವು ಸಿಗುತ್ತದೆ. ಆದರೆ ಹೆಸರು ನೋಂದಾಯಿಸಿ ಸುಮ್ನೆ ಕೂತರೆ ಆಗಲ್ಲ, ಮೆಂಟರನ್ನು ನೀವೇ ಹುಡುಕಿ ಕೇಳಬೇಕು. "ಮಾರ್ಗದರ್ಶನ ಕೊಡಿ" ಅನ್ನೋದಕ್ಕಿಂತ "ಚರ್ಚೆಯ ಭಾಗ ಒಮ್ಮೆ ನೋಡ್ತೀರಾ ಸರ್?" ಅನ್ನೋದು ವಾಸಿ.

ವೈಐಎಂ ಕೆಲವೇ ದಿನಗಳದ್ದು. ಆದರೆ ಲ್ಯಾಬ್ ಕಟ್ಟೋದು, ಗ್ರಾಂಟ್ ತರೋದು ಹೇಗೆ ಅಂತ ಹಿರಿಯ ವಿಜ್ಞಾನಿಗಳನ್ನು ಮುಖಾಮುಖಿ ಕೇಳಬಹುದು.

ಕರಡು ಕೈಯಲ್ಲಿದ್ದರೆ ಆಥರ್‌ಏಡ್. ಫ್ಯಾಕಲ್ಟಿ ಕೆಲಸ ಹುಡುಕುವ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧಕ) ಆದರೆ ವೈಐಎಂ. ಬಾಸ್ ಜೊತೆಗೇ ತಕರಾರಿದ್ದರೆ ನಿಮ್ಮ ಸಂಸ್ಥೆಯ ಬೇರೆ ವಿಭಾಗದ ಹಿರಿಯರೊಬ್ಬರನ್ನು ಹಿಡಿಯಿರಿ. ಅಲ್ಲಿನ ಒಳಹೊರಗು ಅವರಿಗೇ ಗೊತ್ತು.