ಪೈಲಟ್ ಡಿಗ್ರಿ ಅಂತ ಸೀಟು ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ನಿನ್ನೆ ಸಂಜೆ ಡ್ಯೂಟಿ ಮುಗಿಸಿ ಡಿಪೋದಲ್ಲಿ ಗಾಡಿ ಬಿಡ್ತಾ ಇದ್ದೆ. ನಮ್ಮ ಕಂಡಕ್ಟರ್ ಒಬ್ಬರು ಬಂದು ಮೊಬೈಲ್ ನನ್ನ ಮುಖದ ಮುಂದೆ ಹಿಡಿದರು. "ಅಣ್ಣಾ, ನಿಮ್ಮ ಮಗಳು ಮಾಡ್ತಿರುದು ಇದೇ ಕೋರ್ಸ್ ಅಲ್ಲನಾ? ನಮ್ಮ ಹುಡುಗನಿಗೂ ಇದನ್ನೇ ಮಾಡ್ಸುವ ಅಂತ ಇದ್ದೇನೆ." ನೋಡಿದರೆ ಅದೇ ಬ್ರೋಷರ್. ಅದೇ ನೀಲಿ ಆಕಾಶ, ಅದೇ ನಗುವ ಹುಡುಗಿ, ಹೆಗಲ ಮೇಲೆ ಅದೇ ನಾಲ್ಕು ಪಟ್ಟಿ. ನನಗೆ ಕೈಕಾಲು ತಣ್ಣಗಾಯ್ತು.

ಇಷ್ಟು ತಿಂಗಳಿಂದ ಮರ್ಯಾದೆಗೆ ಅಂಜಿ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಅಂಕೋಲೆಯಲ್ಲಿ ಕೇಳಿದವರಿಗೆಲ್ಲ "ಹೌದು, ಪೈಲಟ್ ಓದ್ತಾ ಇದಾಳೆ" ಅಂತಲೇ ಹೇಳಿದೆ. ನಾನು ಸುಮ್ಮನಿದ್ದದ್ದು ನೋಡಿ ಇನ್ನೊಬ್ಬರು ಅದೇ ಹೊಂಡಕ್ಕೆ ಬೀಳಲು ಹೊರಟಿದ್ದಾರೆ. ಅದಕ್ಕೇ ಬರೀತಾ ಇದ್ದೇನೆ. ತಪ್ಪಿದ್ದರೆ ಕ್ಷಮಿಸಿ, ನನಗೆ ಬರೆದು ಅಭ್ಯಾಸ ಇಲ್ಲ.

ನಾನು ಬಸ್ ಚಾಲಕ. 22 ವರ್ಷ ಆಯ್ತು. ಕಾರವಾರ, ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ ರೂಟು. ಅರಬೈಲ್ ಘಟ್ಟದ ಒಂದೊಂದು ತಿರುವೂ ನನಗೆ ಗೊತ್ತು. ಒಬ್ಬಳೇ ಮಗಳು. ಸಣ್ಣವಳಿದ್ದಾಗಿಂದ ನೌಕಾಪಡೆಯ ಹೆಲಿಕಾಪ್ಟರ್ ಮನೆ ಮೇಲೆ ಹೋದರೆ ಉಣ್ಣುವ ತಾಟು ಬಿಟ್ಟು ಅಂಗಳಕ್ಕೆ ಓಡುವವಳು. ಕಾರವಾರದ ಟ್ಯಾಗೋರ್ ಕಡಲತೀರದ ಹತ್ತಿರ ಟುಪೊಲೆವ್ 142 ವಿಮಾನ ತಂದು ಇಟ್ಟಿದ್ದಾರಲ್ಲ, ಅದನ್ನು ತೋರಿಸಲು ಕರೆದುಕೊಂಡು ಹೋದ ದಿನ ರೆಕ್ಕೆಯ ಕೆಳಗೆ ಅರ್ಧ ಗಂಟೆ ನಿಂತಿದ್ದಳು. "ಅಪ್ಪಾ, ಇದನ್ನು ಓಡಿಸಿದವರು ಯಾವ ಕಾಲೇಜಲ್ಲಿ ಕಲ್ತಿರ್ತಾರೆ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರ ಹುಡುಕಲು ಹೋಗಿಯೇ ನಾನು ಹಾಳಾದೆ.

ಕಳೆದ ವರ್ಷ ಪಿಯುಸಿ ಸೈನ್ಸ್ ಒಳ್ಳೆಯ ಅಂಕದಲ್ಲಿ ಪಾಸಾದಳು. ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಒಂದು ಶೈಕ್ಷಣಿಕ ಮೇಳ ಇತ್ತು. ನನಗೆ ವಾಪಸ್ ಟ್ರಿಪ್ಪಿಗೆ ಎರಡು ತಾಸು ಇತ್ತು, ಖಾಕಿ ಬಟ್ಟೆಯಲ್ಲೇ ಹೋದೆ. ಒಂದು ಖಾಸಗಿ ವಿಶ್ವವಿದ್ಯಾಲಯದ ಮೇಜು. ಕೌನ್ಸೆಲರ್ ಅಂತ ಒಬ್ಬಳು ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ನನ್ನ ಖಾಕಿ ನೋಡಿ ಹೇಳಿದಳು: "ಅಂಕಲ್, ನೀವು ಬಸ್ ಓಡಿಸ್ತೀರಿ, ನಿಮ್ಮ ಮಗಳು ವಿಮಾನ ಓಡಿಸ್ತಾಳೆ."

ಆ ಒಂದು ಮಾತು. ಅಷ್ಟೇ ಸಾಕಾಯ್ತು ನನಗೆ. ಆಮೇಲೆ ಅವಳು ಹೇಳಿದ್ದು ಅರ್ಧ ನನ್ನ ಕಿವಿಗೆ ಬಿದ್ದೇ ಇಲ್ಲ ಅಂತ ಈಗ ಅನ್ನಿಸ್ತದೆ. ಮೂರು ವರ್ಷದ ಬಿಬಿಎ ಏವಿಯೇಷನ್, "ಪೈಲಟ್ ಪಾಥ್‌ವೇ" ಸಮೇತ. ಚಿತ್ರದಲ್ಲಿ ಬಾಣದ ಗುರುತು: ಡಿಗ್ರಿಯಿಂದ ಫ್ಲೈಯಿಂಗ್, ಫ್ಲೈಯಿಂಗ್‌ನಿಂದ ಏರ್‌ಲೈನ್. "ಏರ್‌ಲೈನ್ ಜೊತೆ ಎಂಒಯು, ಅಂದರೆ ಒಪ್ಪಂದ ಇದೆ ಅಂಕಲ್." ಊರು ಯಾವುದು ಅಂತ ಕೇಳಿ, ಮೊಬೈಲಲ್ಲಿ ಏನೋ ನೋಡಿ, "ನಿಮ್ಮ ಅಲಗೇರಿಯಲ್ಲೇ ಏರ್‌ಪೋರ್ಟ್ ಬರ್ತಾ ಇದೆಯಲ್ಲ, ಮಗಳು ಅಲ್ಲೇ ವಿಮಾನ ಇಳಿಸ್ತಾಳೆ ನೋಡಿ" ಅಂದಳು. ಅಲಗೇರಿಯ ಜನ ಜಾಗ ಬಿಟ್ಟುಕೊಡುವ ಸಂಕಟದಲ್ಲಿ ಇರುವಾಗ ಆ ಹೆಸರನ್ನು ತಂದು ನನ್ನ ಮುಂದೆ ಇಟ್ಟಳು, ನಾನು ಅದಕ್ಕೂ ಹಿಗ್ಗಿದೆ. ಎರಡೇ ಸೀಟು ಉಳಿದಿದೆ, ಇವತ್ತೇ ಕೊನೆ ಅಂದಳು. 25,000 ಅಲ್ಲೇ ನಿಂತು ಫೋನ್‌ಪೇ ಮಾಡಿದೆ. ಮನೆಗೆ ಫೋನ್ ಕೂಡ ಮಾಡದೆ.

ಆಮೇಲೆ ಮೊದಲ ವರ್ಷದ ಫೀ 4,80,000. ಹಾಸ್ಟೆಲ್ 1,10,000. ಯೂನಿಫಾರ್ಮು, ಬೂಟು, ಕಿಟ್ ಅಂತ 35,000. ಬುಕಿಂಗ್ ಹಣ ಸೇರಿ 6,50,000. ಪಿಎಫ್‌ನಿಂದ ತೆಗೆದೆ, ಸಾಲದ್ದಕ್ಕೆ ಹೆಂಡತಿಯ ಬಳೆ, ಅವಲಕ್ಕಿ ಸರ ಸೊಸೈಟಿಯಲ್ಲಿ ಇಟ್ಟೆ. ಇನ್ನೂ ಅಲ್ಲೇ ಇವೆ.

ಗಣೇಶ ಚೌತಿಗೆ ಮಗಳು ಊರಿಗೆ ಬಂದಳು. ಬಿಳಿ ಅಂಗಿ, ಹೆಗಲ ಮೇಲೆ ಒಂದು ಬಂಗಾರದ ಪಟ್ಟಿ. ಅವಳಿಗೆ ಹಾಕಲು ಮನಸ್ಸಿರಲಿಲ್ಲ, ನಾನೇ ಒತ್ತಾಯ ಮಾಡಿ ಅದನ್ನು ಹಾಕಿಸಿ ಓಣಿಯ ಎಲ್ಲರ ಮನೆಗೂ ಗಣಪತಿ ನೋಡಲು ಕರೆದುಕೊಂಡು ಹೋದೆ. ಜನ ಫೋಟೋ ತೆಗೆಸಿಕೊಂಡರು. ಪಾಪ, ಅವಳಿಗೆ ಆಗಲೇ ಏನೋ ಸರಿಯಿಲ್ಲ ಅಂತ ಗೊತ್ತಾಗಿತ್ತು. "ಅಪ್ಪಾ, ಬರೀ ಮಾರ್ಕೆಟಿಂಗ್, ಅಕೌಂಟ್ಸ್, ಏರ್‌ಪೋರ್ಟ್ ಮ್ಯಾನೇಜ್ಮೆಂಟ್ ಅಷ್ಟೇ ಇದೆ" ಅಂದಳು. ಸಿಮ್ಯುಲೇಟರ್ ಲ್ಯಾಬ್ ಅಂದರೆ ಆರು ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್. ನಾನೇ ಬೈದೆ. "ಮೊದಲು ಥಿಯರಿ ಇರ್ತದೆ, ಶಿಸ್ತಿಂದ ಓದು" ಅಂದೆ. ಆ ಬೈಗುಳ ಈಗ ನನಗೇ ಚುಚ್ಚುತ್ತದೆ.

ನಿಜ ಗೊತ್ತಾದದ್ದು ಬಸ್ಸಿನಲ್ಲೇ. ಜನವರಿ ತಿಂಗಳು, ಕಾರವಾರದಿಂದ ಹತ್ತಿದವರೊಬ್ಬರು ಮುಂದಿನ ಸೀಟಲ್ಲಿ ಕೂತಿದ್ದರು. ನೌಕಾಪಡೆಯಲ್ಲಿ ವಿಮಾನದ ಕೆಲಸ ಮಾಡಿ ನಿವೃತ್ತರಾದವರು. ಯಲ್ಲಾಪುರದಲ್ಲಿ ಚಾ ಕುಡಿಯಲು ಇಳಿದಾಗ ನಾನೇ ಮಗಳ ಸುದ್ದಿ ತೆಗೆದೆ, ಹೆಮ್ಮೆಯಿಂದ. ಅವರು ಕೇಳಿದರು: "ಒಳ್ಳೇದು. ಮೆಡಿಕಲ್ ಆಯ್ತಾ? ಕಂಪ್ಯೂಟರ್ ನಂಬರ್ ಬಂತಾ?"

ಕಾಲೇಜಲ್ಲಿ ಕೊಟ್ಟ ಲ್ಯಾಪ್‌ಟಾಪಿನ ನಂಬರ್ ಇರಬೇಕು ಅಂದುಕೊಂಡು "ಕೊಟ್ಟಿದ್ದಾರೆ ಸರ್" ಅಂದೆ. ಅವರು ನಗಲಿಲ್ಲ. ಲೋಟ ಕೆಳಗಿಟ್ಟು, ನನ್ನ ಡೈರಿ ತೆಗೆದುಕೊಂಡು, ಹಿಂದಿನ ಪುಟದಲ್ಲಿ ಬರೆದುಕೊಟ್ಟರು. ಆ ಪುಟ ಈಗಲೂ ಜೇಬಲ್ಲಿದೆ, ನೋಡಿಯೇ ಬರೀತಾ ಇದ್ದೇನೆ.

ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ. ಡಿಜಿಸಿಎ, ಅಂದರೆ ಪೈಲಟ್ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಇಲಾಖೆ, ಒಪ್ಪಿದ ಡಾಕ್ಟರ ಹತ್ತಿರ ಕ್ಲಾಸ್ 2 ಮೆಡಿಕಲ್, ಅಂದರೆ ದೇಹದ ತಪಾಸಣೆ, ಆಮೇಲೆ ಕ್ಲಾಸ್ 1. ಪರೀಕ್ಷೆಗೆ ಕೂರಲು ಡಿಜಿಸಿಎ ಕೊಡುವ ಕಂಪ್ಯೂಟರ್ ನಂಬರ್. ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್, ಟೆಕ್ನಿಕಲ್ ಪೇಪರ್‌ಗಳು, ಪಾಸಾಗಲು ನೂರಕ್ಕೆ 70 ಬೇಕು. ರೇಡಿಯೋ ಮಾತಾಡುವ ಪರವಾನಗಿ ಬೇರೆ. ನಂತರ 200 ಗಂಟೆ ಹಾರಾಟ, ಅದೂ ಡಿಜಿಸಿಎ ಮಾನ್ಯತೆ ಇರುವ ಫ್ಲೈಯಿಂಗ್ ಸ್ಕೂಲಿನಲ್ಲಿ. ಅದರಲ್ಲಿ 100 ಗಂಟೆ ತಾನೇ ಕಮಾಂಡ್‌ನಲ್ಲಿ, 10 ಗಂಟೆ ಹೊರಗೆ ನೋಡದೆ ಉಪಕರಣ ಮಾತ್ರ ನೋಡಿಕೊಂಡು, 5 ಗಂಟೆ ರಾತ್ರಿ. ಇಷ್ಟಾದ ಮೇಲೆ ಸಿಪಿಎಲ್, ಅಂದರೆ ಕಮರ್ಷಿಯಲ್ ಲೈಸೆನ್ಸ್. ಅದು ಬಂದರೂ ಏರ್‌ಬಸ್ಸೋ ಬೋಯಿಂಗೋ ಓಡಿಸಲು ಟೈಪ್ ರೇಟಿಂಗ್, ಅಂದರೆ ಆ ಮಾದರಿ ವಿಮಾನದ್ದೇ ತರಬೇತಿ, ಬೇರೆ, ದುಡ್ಡೂ ಬೇರೆ. ಮತ್ತೆ ಏರ್‌ಲೈನ್‌ನವರ ಲಿಖಿತ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ, ಸಂದರ್ಶನ. ಕ್ಯಾಪ್ಟನ್ ಆಗಲು, ಆ ಬ್ರೋಷರ್ ಹುಡುಗಿಯ ನಾಲ್ಕು ಪಟ್ಟಿಗೆ, 1,500 ಗಂಟೆಯ ಮೇಲೆ ಇನ್ನೊಂದು ಲೈಸೆನ್ಸ್.

"ಡಿಗ್ರಿ ಎಲ್ಲಿ ಬರ್ತದೆ ಸರ್ ಇದರಲ್ಲಿ?" ಕೇಳಿದೆ. "ಲೈಸೆನ್ಸಿಗೆ ಡಿಗ್ರಿ ಬೇಕಾಗಿಲ್ಲ" ಅಂದರು.

ಮಾರಾಯ್ರೆ, ಅಲ್ಲಿಂದ ಹುಬ್ಬಳ್ಳಿವರೆಗೆ ಹೇಗೆ ಗಾಡಿ ಓಡಿಸಿದೆನೋ ನನಗೇ ಗೊತ್ತಿಲ್ಲ. 22 ವರ್ಷದಿಂದ ಹೆವಿ ಲೈಸೆನ್ಸ್ ಜೇಬಲ್ಲಿ ಇಟ್ಟುಕೊಂಡು ತಿರುಗುವವ ನಾನು. ಬಸ್ ಓಡಿಸಲು ಲೈಸೆನ್ಸ್ ಕೊಡುವುದು ಆರ್‌ಟಿಒ, ಕಾಲೇಜಲ್ಲ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾರಿಗೆ ವಿಷಯದಲ್ಲಿ ಯಾರಾದರೂ ಡಿಗ್ರಿ ತಂದು ಸ್ಟೇರಿಂಗ್ ಕೊಡಿ ಅಂದರೆ ನಾನೇ ಮೊದಲು ಕೇಳ್ತಿದ್ದೆ, ಲೈಸೆನ್ಸ್ ಎಲ್ಲಿ ಅಂತ. ಅದೇ ಪ್ರಶ್ನೆ ಮಗಳ ವಿಷಯದಲ್ಲಿ ಬಾಯಿಗೆ ಬರಲಿಲ್ಲ. ಯಾಕೆ ಬರಲಿಲ್ಲ? ರಾತ್ರಿ ನಿದ್ದೆ ಇಲ್ಲದೆ ಇದನ್ನೇ ಯೋಚಿಸಿದ್ದೇನೆ. ಆ ಒಂದು ಮಾತು. ನೀವು ಬಸ್, ಮಗಳು ವಿಮಾನ.

ಮರುದಿನ ಕೌನ್ಸೆಲರ್‌ಗೆ ಮೆಸೇಜ್ ಹಾಕಿದೆ. ಉತ್ತರಗಳನ್ನು ಇದ್ದ ಹಾಗೇ ಹೇಳ್ತೇನೆ. "ಸರ್ ಫ್ಲೈಯಿಂಗ್ ಸೆಕೆಂಡ್ ಇಯರಲ್ಲಿ." ಅಂಕಲ್ ಹೋಗಿ ಸರ್ ಆಗಿತ್ತು. ಫೀಯಲ್ಲಿ ಸೇರಿದೆಯಾ ಅಂತ ಕೇಳಿದೆ. ಎರಡು ದಿನ ಉತ್ತರ ಇಲ್ಲ. ಮತ್ತೆ ಕೇಳಿದೆ. "ಫ್ಲೈಯಿಂಗ್ ಆಪ್ಷನಲ್ ಸರ್, ಫೀ ಬೇರೆ. ಬ್ರೋಷರ್ ಪೇಜ್ 11 ನೋಡಿ." ಪೇಜ್ 11ರ ಅಡಿಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರ. ಬೇರೆ ಫೀ ಎಷ್ಟು? 52 ಲಕ್ಷ.

ರಜೆ ಹಾಕಿ ಅಲ್ಲಿಗೇ ಹೋದೆ. ಮೂರು ತಾಸು ಹೊರಗೆ ಕೂರಿಸಿದರು. ಒಳಗಿದ್ದ ಅಧಿಕಾರಿ ಮುಖವೆತ್ತಿ ಮಾತಾಡಲಿಲ್ಲ. ಪೈಲಟ್ ಮಾಡ್ತೇವೆ ಅಂದಿದ್ದಿರಲ್ಲ ಅಂದೆ. "ನಾವು ಪಾಥ್‌ವೇ ಅಂದಿದ್ದೇವೆ. ಪಾಥ್‌ವೇ ಅಂದರೆ ದಾರಿ. ದಾರಿ ನಾವು ತೋರಿಸ್ತೇವೆ, ನಡೆಯಬೇಕಾದ್ದು ಸ್ಟೂಡೆಂಟ್." ಏರ್‌ಲೈನ್ ಜೊತೆ ಎಂಒಯು ತೋರಿಸಿ ಅಂದೆ. ತುಂಬಾ ಹಟ ಮಾಡಿದ ಮೇಲೆ ತೋರಿಸಿದರು. ವರ್ಷಕ್ಕೆ ಎರಡು ಅತಿಥಿ ಉಪನ್ಯಾಸ, ಒಂದು ಸಲ ಏರ್‌ಪೋರ್ಟ್ ನೋಡಲು ಕರೆದೊಯ್ಯುವುದು. ಇಷ್ಟೇ. ಕೆಲಸ ಅನ್ನುವ ಶಬ್ದವೇ ಅದರಲ್ಲಿ ಇಲ್ಲ. "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಅಂದಿದ್ದೇವೆ ಸರ್, ಪ್ಲೇಸ್‌ಮೆಂಟ್ ಅಂದಿಲ್ಲ" ಅಂತ ಪಕ್ಕದಲ್ಲಿದ್ದವ ಹೇಳಿದ. ಅವರು ಹೇಳಿದ ಫ್ಲೈಯಿಂಗ್ ಸ್ಕೂಲಿನ ಹೆಸರನ್ನು ಮಗಳು ಅಲ್ಲೇ ಡಿಜಿಸಿಎ ಪಟ್ಟಿಯಲ್ಲಿ ಹುಡುಕಿದಳು. ಇಲ್ಲ. ಕೇಳಿದರೆ "ಅಪ್ರೂವಲ್ ಪ್ರೊಸೆಸ್‌ನಲ್ಲಿದೆ."

ಇನ್ನೊಂದು ವಿಷಯ ಮಗಳೇ ಹುಡುಕಿ ತೆಗೆದದ್ದು. ಆ ಬಾಣದ ಚಿತ್ರ ಅಮೆರಿಕದ ಕಾಲೇಜುಗಳ ಲೆಕ್ಕ. ಅಲ್ಲಿ 2009ರಲ್ಲಿ ಬಫಲೋ ಹತ್ತಿರ ವಿಮಾನ ಬಿದ್ದ ಮೇಲೆ ಕಾನೂನು ಬಿಗಿ ಮಾಡಿ, 2013ರಿಂದ ಏರ್‌ಲೈನ್‌ನಲ್ಲಿ ಕೋ-ಪೈಲಟ್ ಆಗಲಿಕ್ಕೂ ಸಾಮಾನ್ಯವಾಗಿ 1,500 ಗಂಟೆ ಬೇಕು ಅಂತ ಮಾಡಿದರು. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಏವಿಯೇಷನ್ ಪದವಿ ಮಾಡಿ ಅಲ್ಲೇ ಹಾರಾಟ ಕಲಿತವರಿಗೆ ಅದು 1,000ಕ್ಕೆ ಇಳಿಯುತ್ತದೆ. ಹಾಗಾಗಿ ಅಲ್ಲಿ ಡಿಗ್ರಿಗೆ ಬೆಲೆ ಇದೆ. ನಮ್ಮ ದೇಶದಲ್ಲಿ ಡಿಗ್ರಿ ಇದೆ ಅಂತ 200 ಗಂಟೆಯಲ್ಲಿ ಒಂದು ಗಂಟೆಯೂ ಕಡಿಮೆ ಆಗುವುದಿಲ್ಲ. ಅಲ್ಲಿಯ ಚಿತ್ರ ತಂದು ಇಲ್ಲಿ ಅಂಟಿಸಿ ನಮ್ಮಂಥವರ ಮುಂದೆ ಇಟ್ಟರು.

ಅವಳ ಕ್ಲಾಸಿನ 40 ಮಕ್ಕಳಲ್ಲಿ ಒಬ್ಬರಿಗೂ ಕಂಪ್ಯೂಟರ್ ನಂಬರ್ ಇರಲಿಲ್ಲ, ಒಬ್ಬರದ್ದೂ ಮೆಡಿಕಲ್ ಆಗಿರಲಿಲ್ಲ. ನನ್ನ ಗಲಾಟೆ ಆದ ಮೇಲೆ ಹಾವೇರಿ ಕಡೆಯ ಒಬ್ಬ ಹುಡುಗ ತಾನೇ ಹೋಗಿ ಮೆಡಿಕಲ್ ಮಾಡಿಸಿದ. ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ನಪಾಸು. ಎರಡೆಕರೆ ಹೊಲ ಅಡ ಇಟ್ಟು ಸೇರಿಸಿದ್ದರಂತೆ. ಫೀ ಕಟ್ಟುವ ಮುಂಚೆ ಯಾರಾದರೂ ಒಂದು ಮಾತು ಹೇಳಿದ್ದರೆ ಆ ಹೊಲ ಉಳಿಯುತ್ತಿತ್ತು. ಒಂದು ಮಾತು!

ದುಡ್ಡು ವಾಪಸ್ ಕೇಳಿದೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ ನಿಯಮ ತೋರಿಸಿದರು. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮುಂಚೆಯೇ ಬಿಟ್ಟರೆ ಪೂರ್ತಿ, ಆಮೇಲೆ ಇಳಿಯುತ್ತಾ ಹೋಗಿ, ಕೊನೆಯ ದಿನ ಕಳೆದು 30 ದಿನ ದಾಟಿದರೆ ಸೊನ್ನೆ. ನಾನು ಹೋದದ್ದು ಜನವರಿಯಲ್ಲಿ. ಸರಿ, ಅಸಲು ಅಂಕಪಟ್ಟಿಯನ್ನಾದರೂ ಕೊಡಿ ಅಂದೆ. "ಎರಡನೇ ವರ್ಷದ ಫೀ ಕಟ್ಟಿ ನೋ ಡ್ಯೂ ತನ್ನಿ." ಅದೇ ಯುಜಿಸಿ ನಿಯಮ ಅಸಲು ದಾಖಲೆ ಇಟ್ಟುಕೊಳ್ಳಬಾರದು ಅಂತಲೂ ಹೇಳ್ತದೆ, ಆ ಪುಟ ಮಾತ್ರ ಅವರಿಗೆ ಕಾಣಲಿಲ್ಲ. ಕಾರವಾರದ ವಕೀಲರೊಬ್ಬರು ನೋಟಿಸ್ ಕಳಿಸಿದ ಮೇಲೆ ಅಂಕಪಟ್ಟಿ ಬಂತು. ಹಣ ಬಂದಿಲ್ಲ. "ಮೇಳದಲ್ಲಿ ಬಾಯಿಂದ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ?" ಅಂತ ವಕೀಲರೇ ಕೇಳಿದರು. ನನ್ನ ಹತ್ತಿರ ಏನಿದೆ ಹೇಳಲು?

ಡಿಗ್ರಿಯೇ ಬೇಡ ಅಂತ ನಾನು ಹೇಳ್ತಿಲ್ಲ. ಮೆಡಿಕಲ್ ಕೈಕೊಟ್ಟರೆ ನಾಳೆ ಹೊಟ್ಟೆಗೆ ಒಂದು ದಾರಿ ಬೇಕು. ಆದರೆ ಮೊದಲು ಮಗುವಿನ ಮೆಡಿಕಲ್ ಮಾಡಿಸಿ, ಆಮೇಲೆ ಯಾರ ಮೇಜಿನ ಮುಂದೆ ಬೇಕಾದರೂ ಕೂತುಕೊಳ್ಳಿ. ಫ್ಲೈಯಿಂಗ್ ಸ್ಕೂಲಿನ ಹೆಸರು ಡಿಜಿಸಿಎ ಪಟ್ಟಿಯಲ್ಲಿ ನಿಮ್ಮ ಕಣ್ಣಾರೆ ನೋಡಿ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ್ದೇ ಒಂದು ಅಕಾಡೆಮಿ ಇದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಅಂಥದ್ದು ಇದೆ ಅಂತಲೂ ನನಗೆ ಗೊತ್ತಿರಲಿಲ್ಲ. ಲೈಸೆನ್ಸ್ ತನಕದ ಪೂರ್ತಿ ಖರ್ಚು, ಟೈಪ್ ರೇಟಿಂಗ್ ಸೇರಿಸಿ, ಸಹಿ ಹಾಕಿಸಿ ಬರೆಸಿಕೊಳ್ಳಿ. ಬರೆದು ಕೊಡದವರ ನೀರೂ ಕುಡಿಯಬೇಡಿ.

ಮಗಳು ಈಗ ಮನೆಯಲ್ಲಿದ್ದಾಳೆ. ಕ್ಲಾಸ್ 2 ಮೆಡಿಕಲ್ ಪಾಸಾಗಿದೆ, ಕಂಪ್ಯೂಟರ್ ನಂಬರ್ ಬಂದಿದೆ, ಹವಾಮಾನದ ಪೇಪರ್‌ಗೆ ಓದ್ತಾ ಇದ್ದಾಳೆ. ಹಾರಾಟದ ಹಣ ಎಲ್ಲಿಂದ ತರಲಿ ಅಂತ ಗೊತ್ತಿಲ್ಲ. ಬ್ಯಾಂಕಿನವರು 7.5 ಲಕ್ಷದ ಮೇಲೆ ಆಸ್ತಿ ಅಡ ಕೇಳ್ತಾರೆ. ಮನೆ ಪತ್ರ ತೆಗೆದಿಟ್ಟಿದ್ದೇನೆ. ಮಗಳು ಬೇಡ ಅಂತ ಅಳ್ತಾಳೆ. ಆ ಬಿಳಿ ಅಂಗಿ ಕಪಾಟಿನ ತಳಕ್ಕೆ ಹೋಗಿದೆ.

ಬರುವ ಭಾನುವಾರ ಕುಮಟೆಯಲ್ಲಿ ಅದೇ ವಿಶ್ವವಿದ್ಯಾಲಯದವರ ಮೇಜು ಹಾಕ್ತಾರಂತೆ, ಕಂಡಕ್ಟರ್ ಹೇಳಿದ್ದು. ಅವರು ಇನ್ನೂ ಹಣ ಕಟ್ಟಿಲ್ಲ. ನಾನು ಅವತ್ತಿಗೆ ವಾರದ ರಜೆ ಬದಲಿಸಿಕೊಂಡಿದ್ದೇನೆ. ಡೈರಿಯ ಆ ಪುಟ, ಬ್ರೋಷರಿನ ಪೇಜ್ 11, ವಾಟ್ಸಾಪ್ ಉತ್ತರಗಳು, ಎಲ್ಲ ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿದ್ದೇನೆ. ಬಾಗಿಲ ಹತ್ತಿರ ಖಾಕಿಯಲ್ಲೇ ನಿಂತಿರ್ತೇನೆ. ನಿಮ್ಮ ಮನೆಯಿಂದ ಯಾರಾದರೂ ಅಲ್ಲಿಗೆ ಹೊರಟಿದ್ದರೆ, ಒಳಗೆ ಹೋಗುವ ಮುಂಚೆ ನನ್ನ ಹತ್ತಿರ ಒಂದು ಪ್ರತಿ ತೆಗೆದುಕೊಳ್ಳಲು ಹೇಳಿ.