ಮೊದಲ ಏರ್ ರೈಫಲ್, ಆಮೇಲೆ ಸೆಕೆಂಡ್ ಹ್ಯಾಂಡ್ ಫೈನ್‌ವರ್ಕ್‌ಬಾವ್ 700: ಎರಡು ವರ್ಷ ಹೊಡೆದ್ಮೇಲೆ ನನ್ನ ರಿವ್ಯೂ

ಮೊದಲು ದುಡ್ಡಿನ ವಿಷಯ ಹೇಳ್ಬಿಡ್ತೀನಿ, ಎಲ್ರೂ ಕೇಳೋದು ಅದನ್ನೇ. ಮೊದಲ ರೈಫಲ್ಲಿಗೆ 11,500 ಕೊಟ್ಟೆ, ಆಮೇಲೆ ಪೀಪ್ ಸೈಟು (ಸಣ್ಣ ತೂತಲ್ಲಿ ನೋಡಿ ಗುರಿ ಹಿಡಿಯೋದು), ಪೆಲೆಟ್ಟು (ಏರ್ ರೈಫಲ್ಲಿನ ಸಣ್ಣ ಗುಂಡು), ಬಡಗಿ ಕೂಲಿ ಅಂತ ಇನ್ನೊಂದು 9 ಸಾವಿರ ಹೋಯ್ತು. ಹದಿನಾಲ್ಕು ತಿಂಗಳು ಅದ್ರಲ್ಲೇ ಹೊಡ್ದು ಆಮೇಲೆ ಸೆಕೆಂಡ್ ಹ್ಯಾಂಡ್ ಫೈನ್‌ವರ್ಕ್‌ಬಾವ್ 700 ಅನ್ನೋ ಕಾಂಪಿಟಿಷನ್ ರೈಫಲ್ ತಗೊಂಡೆ, 1,35,000ಕ್ಕೆ. ಎರಡೂ ಈಗ ಮನೇಲಿವೆ, ಎರಡರ ಬಗ್ಗೆನೂ ಬರೀತೀನಿ.

ನಾನು ಬೆಳೆದಿದ್ದು ಕೊಡಗಿನ ಸೋಮವಾರಪೇಟೆ ಕಡೆ. ಕೈಲ್‌ಪೋದ್, ಅಂದ್ರೆ ಕೊಡವರ ಆಯುಧ ಹಬ್ಬ, ಬಂತು ಅಂದ್ರೆ ಅಕ್ಕಪಕ್ಕದವರು ಮರದ ಮೇಲೆ ತೆಂಗಿನಕಾಯಿ ಕಟ್ಟಿ ಕೋವಿ ಹಿಡ್ಕೊಂಡು ನಿಲ್ತಿದ್ರು, ಕಾಯಿ ಒಡೆದ್ರೆ ಊರೇ ಕೂಗ್ತಿತ್ತು. ಹಾಗಾಗಿ ರೈಫಲ್ ಅಂದ್ರೆ ನನ್ನ ತಲೇಲಿ ಇದ್ದಿದ್ದು ಪವರ್ ಒಂದೇ, ಅಂಗಡಿಗೆ ಹೋಗಿ ನಾನು ಕೇಳಿದ ಮೊದಲ ಪ್ರಶ್ನೆನೂ ಅದೇ, ಎಷ್ಟು ಸ್ಪೀಡ್ ಹೋಗುತ್ತೆ ಅಂತ. ಅಂಗಡಿಯವರು 900 ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಅಡಿ ಅನ್ನೋ ಲೆಕ್ಕ) ಅಂತ ಬರೆದಿದ್ದ ಡಬ್ಬ ತೋರಿಸಿದ್ರು, ನಾನು ತಗೊಂಡು ಬಂದೆ. ಟಾರ್ಗೆಟ್ ಶೂಟಿಂಗಿಗೆ ಅಂತ ಬಾಯ್ಬಿಟ್ಟು ಹೇಳಿದ್ರೂ ಅವ್ರು ಒಂದ್ಸಲ ಆ ರೈಫಲ್ ಎತ್ತಿ ನನ್ನ ಭುಜಕ್ಕೆ ಇಟ್ಟು ನೋಡು ಅನ್ನಲಿಲ್ಲ. ಈ ವಿಷಯಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಯಾಕಂದ್ರೆ ಹತ್ತು ಮೀಟರ್ ದೂರದ ಟಾರ್ಗೆಟ್ಟಿಗೆ ಹೊಡೆಯೋ ಆಟದಲ್ಲಿ ಸ್ಪೀಡಿಗೆ ಬೆಲೆನೇ ಇಲ್ಲ. ಒಲಿಂಪಿಕ್ಸಲ್ಲಿ ಹೊಡೆಯೋ ರೈಫಲ್‌ಗಳಿಂದ ಪೆಲೆಟ್ ಹೋಗೋದು ಸೆಕೆಂಡಿಗೆ 170 ಮೀಟರ್ ಆಸುಪಾಸು, ಅಂದ್ರೆ 560 ಎಫ್‌ಪಿಎಸ್ ಅಷ್ಟೇ. ಟಾರ್ಗೆಟ್ ಪೂರ್ತಿ 45.5 ಮಿಲಿಮೀಟರ್ ಅಗಲ, ಮಧ್ಯದ ಹತ್ತು ಪಾಯಿಂಟಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಪೆನ್ನಲ್ಲಿ ಒಂದು ಫುಲ್‌ಸ್ಟಾಪ್ ಇಟ್ಟಷ್ಟು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಈ ಚುಕ್ಕೆಗೆ ಹೊಡ್ದು, ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೊರಿಯಾದ ಚಾಂಗ್ವಾನ್‌ನಲ್ಲಿ ಒಲಿಂಪಿಕ್ ಕೋಟಾ (ದೇಶಕ್ಕೊಂದು ಜಾಗ) ತಂದಿದ್ದೂ ಇದಕ್ಕೇ. ಇಲ್ಲಿ ಬೇಕಾಗಿರೋದು ಅಲ್ಲಾಡದೇ ಇರೋ ರೈಫಲ್ಲು, ಅದಕ್ಕಿಂತ ಹೆಚ್ಚಾಗಿ ನಿಮ್ಮ ಮೈಗೆ ಹೊಂದೋ ರೈಫಲ್ಲು.

ನಂದು ಸ್ಪ್ರಿಂಗ್ ರೈಫಲ್, ಬ್ಯಾರೆಲ್ ಮಡಚಿ ಲೋಡ್ ಮಾಡೋದು. ಇದ್ರ ಸ್ವಭಾವ ಗೊತ್ತಿಲ್ದೇ ತಗೊಂಡ್ರೆ ಕಷ್ಟ. ಟ್ರಿಗರ್ ಒತ್ತಿದ ಕೂಡ್ಲೇ ಪಿಸ್ಟನ್ ಮುಂದಕ್ಕೆ ನುಗ್ಗುತ್ತೆ, ರೈಫಲ್ ಹಿಂದಕ್ಕೆ ಒದೆಯುತ್ತೆ, ಪಿಸ್ಟನ್ ಹೋಗಿ ತುದಿಗೆ ಬಡೀತಿದ್ದ ಹಾಗೆ ಮತ್ತೆ ಮುಂದಕ್ಕೆ ಎಳೆಯುತ್ತೆ, ಇದೆಲ್ಲಾ ಪೆಲೆಟ್ಟು ಇನ್ನೂ ಬ್ಯಾರೆಲ್ ಒಳಗೆ ಇರೋವಾಗ್ಲೇ. ಗಟ್ಟಿಯಾಗಿ ಹಿಡಿದ್ರೆ ಒಂದು ಕಡೆ ಬೀಳುತ್ತೆ, ಸಡಿಲ ಹಿಡಿದ್ರೆ ಇನ್ನೊಂದು ಕಡೆ, ಪ್ರತಿ ಸಲ ಒಂದೇ ಥರ ಸಡಿಲವಾಗಿ ಹಿಡೀಬೇಕು. ಈ ಎರಡು ಕಡೆ ಒದೆತಕ್ಕೆ ಸಾಧಾರಣ ಸ್ಕೋಪ್ (ದುರ್ಬೀನು ಸೈಟು) ಕೂಡ ಒಳಗೇ ಕಳಚ್ಕೊಳುತ್ತೆ, ಹಾಗಾಗಿ ಕಡಿಮೆ ಬೆಲೆಯ ಸ್ಕೋಪ್ ಹಾಕೋ ಆಲೋಚನೆ ಬಿಡಿ. ಸ್ಟಾಕಿನ (ರೈಫಲ್ಲಿನ ಮರದ ಭಾಗ) ಸ್ಕ್ರೂಗಳೂ ಸಡಿಲ ಆಗ್ತವೆ, ಮೂರು ವಾರ ನಾನು ನನ್ನ ಕೈನೇ ಬೈಕೊಂಡಿದ್ದೆ, ನೋಡಿದ್ರೆ ಮುಂದಿನ ಸ್ಕ್ರೂ ಬೆರಳಲ್ಲೇ ತಿರುಗ್ತಿತ್ತು. ಈಗ ಇನ್ನೂರು ಗುಂಡಿಗೊಂದ್ಸಲ ಅಲೆನ್ ಕೀ ಹಾಕಿ ನೋಡ್ತೀನಿ.

ಅಪ್‌ಗ್ರೇಡ್ ಅಂದ್ರೆ ಎಲ್ರೂ ಸೈಟು, ಸ್ಪ್ರಿಂಗು ಅಂತಾರೆ. ನನ್ನ ಮೊದಲ ಅಪ್‌ಗ್ರೇಡ್ ಮಾಡಿದ್ದು ನಮ್ಮ ಬೀದಿಯ ಬಡಗಿ. ನಾನು ಐದಡಿ ಒಂದಿಂಚು, ಆ ಸ್ಟಾಕು ಉದ್ದ ಕೈಯವರಿಗೆ ಮಾಡಿದ್ದು, ಟ್ರಿಗರ್ ಮುಟ್ಟಬೇಕು ಅಂದ್ರೆ ಭುಜ ಮುಂದಕ್ಕೆ ತಳ್ಳಿ ಸೊಂಟ ಹಿಂದಕ್ಕೆ ಬಗ್ಗಿಸ್ಬೇಕಿತ್ತು, ಇಪ್ಪತ್ತು ಗುಂಡಿಗೆ ಬೆನ್ನು ಹಿಡ್ಕೊಳ್ತಿತ್ತು. ಮೈಸೂರಲ್ಲಿ ನಾನು ಹೋಗೋ ಶೂಟಿಂಗ್ ರೇಂಜಿನ ಕೋಚ್ ಸರ್ ಒಂದಿನ ಹಿಂದೆ ನಿಂತು ನೋಡಿ, "ನೋಡಮ್ಮಾ, ನೀನು ರೈಫಲ್ಲಿಗೆ ಅಡ್ಜಸ್ಟ್ ಆಗ್ತಿದ್ದೀಯ, ಅದು ನಿನಗೆ ಅಡ್ಜಸ್ಟ್ ಆಗ್ಬೇಕು" ಅಂದ್ರು. ಬಟ್ (ಸ್ಟಾಕಿನ ಭುಜಕ್ಕೆ ತಾಗೋ ತುದಿ) ಬಿಚ್ಚಿ ಬಡಗಿ ಹತ್ರ ತಗೊಂಡ್ಹೋಗಿ ಒಂದೂವರೆ ಇಂಚು ಕುಯ್ಯಿಸ್ದೆ, ರಬ್ಬರ್ ಪ್ಯಾಡ್ ವಾಪಸ್ ಹಾಕ್ಸಿದೆ, 300 ರೂಪಾಯಿ. ಕೆನ್ನೆ ಇಡೋ ಜಾಗಕ್ಕೆ ಹಳೇ ಯೋಗಾ ಮ್ಯಾಟ್ ತುಂಡು ಮಡಚಿ ಕ್ರೇಪ್ ಬ್ಯಾಂಡೇಜ್ ಸುತ್ತಿದೆ, ಅರ್ಧ ಇಂಚು ಎತ್ತರ ಆಯ್ತು. ಕಣ್ಣು ತಾನಾಗೇ ಸೈಟಿನ ನೇರಕ್ಕೆ ಬಂತು, ಕುತ್ತಿಗೆ ಹುಡುಕೋದು ನಿಂತೋಯ್ತು. ಇಷ್ಟು ಕಮ್ಮಿ ಖರ್ಚಲ್ಲಿ ಇಷ್ಟು ಫರಕ್ ಬೇರೆ ಯಾವುದ್ರಿಂದಾನೂ ನಾನು ಕಂಡಿಲ್ಲ.

ಎರಡನೇದು ಪೆಲೆಟ್. ಅಂಗಡೀಲಿ ರೈಫಲ್ ಜೊತೆ ಕೊಟ್ಟಿದ್ದ ಡಬ್ಬಿಯಲ್ಲಿ ಹತ್ತಕ್ಕೆ ಮೂರು ಪೆಲೆಟ್ಟಿನ ಸ್ಕರ್ಟು (ಹಿಂದಿನ ತೆಳು ಅಂಚು) ನೆಗ್ಗಿರ್ತಿತ್ತು. ಒಂದು ಭಾನುವಾರ ಪೂರ್ತಿ ಕೂತು, ಮೇಜಿನ ಮೇಲೆ ದಿಂಬು ಇಟ್ಟು, ಒಂದೊಂದು ಬ್ರ್ಯಾಂಡಲ್ಲಿ ಹತ್ತತ್ತು ಗುಂಡು ಹೊಡ್ದು ಸ್ಕೇಲಲ್ಲಿ ಅಳೆದೆ. ಅಂಗಡಿ ಡಬ್ಬಿಯದು 18 ಮಿಲಿಮೀಟರ್ ಅಗಲದ ಗುಂಪು ಕೊಡ್ತು, ಆರ್‌ಡಬ್ಲ್ಯೂಎಸ್ ಮತ್ತು ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಅನ್ನೋ ಮ್ಯಾಚ್ ಪೆಲೆಟ್ಟುಗಳು 9 ಮಿಲಿಮೀಟರ್ ಹತ್ರ ಬಂದ್ವು. ಮ್ಯಾಚ್ ಪೆಲೆಟ್ಟಿನ ಮೂತಿ ಚಪ್ಪಟೆ ಇರುತ್ತೆ, ಪೇಪರ್ರಲ್ಲಿ ಪಂಚಿಂಗ್ ಮಷೀನ್ ಒತ್ತಿದ ಹಾಗೆ ದುಂಡಗೆ ತೂತು ಬೀಳುತ್ತೆ, ಗೆರೆ ಮುಟ್ಟಿದ್ಯಾ ಇಲ್ವಾ ಅನ್ನೋದು ಸ್ಪಷ್ಟ ಗೊತ್ತಾಗುತ್ತೆ. ಚೂಪು ಮೂತಿಯದು ಪೇಪರ್ ಹರಿಯುತ್ತೆ. ನಿಮ್ಮ ಬ್ಯಾರೆಲ್ಲಿಗೆ ಯಾವ್ದು ಇಷ್ಟ ಅಂತ ಹೊಡೆದೇ ನೋಡ್ಬೇಕು, ಬೇರೆಯವರ ಮಾತು ಇಲ್ಲಿ ನಡೆಯಲ್ಲ.

ಮೂರನೇದು ಪೀಪ್ ಸೈಟು. ಹಿಂದೆ ಸಣ್ಣ ತೂತು, ಮುಂದೆ ಒಂದು ಉಂಗುರ, ಆ ಉಂಗುರದೊಳಗೆ ಟಾರ್ಗೆಟ್ಟಿನ ಕಪ್ಪು. ಒಂದರೊಳಗೊಂದು ದುಂಡು ಕೂತಾಗ ಕಣ್ಣಿಗೆ ತಾನೇ ಗೊತ್ತಾಗುತ್ತೆ. ನಾನು ಮೊದಲು ಕಪ್ಪಿಗೆ ಅಂಟ್ಕೊಂಡಂಗೆ ಇರೋ ಚಿಕ್ಕ ಉಂಗುರ ಹಾಕ್ಕೊಂಡಿದ್ದೆ, ಕರೆಕ್ಟಾಗಿ ಹೊಡೀಬಹುದು ಅಂತ. ಅದು ತಪ್ಪು, ಸುತ್ತ ಧಾರಾಳ ಬಿಳಿ ಕಾಣ್ಬೇಕು, ಇಲ್ಲಾಂದ್ರೆ ಒಂದೊಂದ್ಸಲ ಕಪ್ಪು ಪಕ್ಕಕ್ಕೆ ಜಾರಿದ್ದು ಕಣ್ಣಿಗೆ ತಿಳಿಯಲ್ಲ. ದೊಡ್ಡ ಉಂಗುರ ಹಾಕಿದ್ಮೇಲೆ ಹತ್ತು ಗುಂಡಿನ ಸೀರೀಸಿಗೆ ನೂರಕ್ಕೆ 78 ಬರ್ತಿದ್ದ ಸ್ಕೋರು 84ಕ್ಕೆ ನಿಲ್ತು.

ಅಲ್ಲಿಗೆ ಆ ರೈಫಲ್ಲಿನ ಮಿತಿ ಮುಟ್ಟಿದ್ದೆ. ಟ್ರಿಗರ್ ಎಲ್ಲಿ ಬಿಡುತ್ತೆ ಅಂತ ಗೊತ್ತಾಗದೇ ಬೆರಳು ಎಳೀತಾ ಎಳೀತಾ ಹೋಗೋದು, ಅಷ್ಟರಲ್ಲಿ ಕೈ ಅಲ್ಲಾಡೋದು. ಟ್ರಿಗರ್ ಬಿಚ್ಚಿ ಸ್ಪ್ರಿಂಗ್ ಕುಯ್ಯೋದನ್ನ ಕೆಲವರು ಹೇಳ್ಕೊಡ್ತಾರೆ, ದಯವಿಟ್ಟು ಮಾಡ್ಬೇಡಿ, ಕೈಯಲ್ಲಿ ಲೋಡ್ ಆಗಿರೋ ರೈಫಲ್ ತಾನಾಗೇ ಹೊಡ್ದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಪವರ್ ಹೆಚ್ಚಿಸೋಕೆ ಗಟ್ಟಿ ಸ್ಪ್ರಿಂಗ್ ಹಾಕೋದಂತೂ ಬೇಡ್ವೇ ಬೇಡ. ಬೋರು (ಬ್ಯಾರೆಲ್ ತೂತು) 4.5 ಮಿಲಿಮೀಟರ್, ಪೆಲೆಟ್ ಹೊರಡೋ ಶಕ್ತಿ 20 ಜೂಲ್ ಒಳಗಿದ್ರೆ ಮಾತ್ರ ಲೈಸೆನ್ಸ್ ಬೇಡ ಅಂತ 2016ರ ಆರ್ಮ್ಸ್ ರೂಲ್ಸಲ್ಲಿದೆ, ಅದು ದಾಟಿದ್ರೆ ನಿಮ್ಮ ಕೈಯಲ್ಲಿರೋದು ಲೈಸೆನ್ಸ್ ಇಲ್ಲದ ಆಯುಧ.

ಈಗ ಫೈನ್‌ವರ್ಕ್‌ಬಾವ್. ಇದ್ರಲ್ಲಿ ಸ್ಪ್ರಿಂಗ್ ಇಲ್ಲ, ಸಿಲಿಂಡರಲ್ಲಿ ಒತ್ತಿ ತುಂಬಿದ ಗಾಳಿ ಪೆಲೆಟ್ಟನ್ನ ತಳ್ಳುತ್ತೆ. ಜರ್ಮನಿಯ ಓಬರ್ನ್‌ಡಾರ್ಫ್ ಊರಿನ ಕಂಪನಿ, 700 ಹಳೇ ಮಾಡೆಲ್, ಅದಾದ್ಮೇಲೆ 800 ಬಂದಿದೆ. ವಾಲ್ಟರ್ ಎಲ್‌ಜಿ 400 ಅನ್ನೋ ಇನ್ನೊಂದು ಕಾಂಪಿಟಿಷನ್ ರೈಫಲ್ ಕೂಡ ರೇಂಜಲ್ಲಿ ಹೊಡ್ದು ನೋಡಿದ್ದೆ, ಅದೂ ಅದ್ಭುತ, ಆದ್ರೆ ಹೊಸದು ಎರಡು ಲಕ್ಷದ ಮೇಲೆ ಹೋಗುತ್ತೆ, ನನ್ನ ಕೈಗೆಟುಕಲ್ಲ.

ಸೆಕೆಂಡ್ ಹ್ಯಾಂಡ್ ತಗೊಳೋರು ಒಂದು ಮಾತು ಮರೀಬೇಡಿ: ಸಿಲಿಂಡರ್ ಮೇಲಿನ ಡೇಟ್ ಓದಿ. ಮಾರೋರ ಮನೇಲಿ ನಾನು ರೈಫಲ್ಲಿನ ಅಂದ ನೋಡ್ತಾ ಮೈ ಮರೆತಿದ್ದೆ, ಕೋಚ್ ಸರ್ ಮಾತಾಡದೇ ಬ್ಯಾರೆಲ್ ಕೆಳಗಿನ ಸಿಲಿಂಡರ್ ತಿರುಗಿಸಿ ಬಿಚ್ಚಿ, ಕಿಟಕಿ ಬೆಳಕಿಗೆ ಹಿಡಿದು ಕೆತ್ತಿದ್ದ ಅಕ್ಷರ ಹೆಬ್ಬೆರಳಲ್ಲಿ ಒರೆಸಿ ಓದಿದ್ರು. ಹತ್ತು ವರ್ಷದ ಅವಧಿ, ಇನ್ನು ಏಳು ತಿಂಗಳು ಬಾಕಿ. ಅವಧಿ ಮುಗಿದ ಸಿಲಿಂಡರ್ ಕಾಂಪಿಟಿಷನ್ನಿಗೆ ತರೋ ಹಾಗಿಲ್ಲ, ಅದ್ರೊಳಗೆ 200 ಬಾರ್ ಒತ್ತಡ ಇರುತ್ತೆ, ಸುಮ್ನೆ ಮಾತಲ್ಲ. ಹೊಸದಕ್ಕೆ ಆಗ ಮೂವತ್ತು ಸಾವಿರದ ಹತ್ರ ಆಗ್ತಿತ್ತು, ಅದನ್ನ ಕಳೆದು ರೇಟ್ ಮಾತಾಡಿದ್ವಿ. ಮಾರೋರೂ ಒಪ್ಪಿದ್ರು, ಒಳ್ಳೇ ಮನುಷ್ಯರು. ಗಾಳಿ ನಾನು ರೇಂಜಿನ ಸ್ಕೂಬಾ ಸಿಲಿಂಡರಿಂದ ತುಂಬಿಸ್ಕೊತೀನಿ. ತುಂಬೋದು ಒಣಗಿದ ಗಾಳಿ ಮಾತ್ರ, ಆಕ್ಸಿಜನ್ ಯಾವತ್ತೂ ಅಲ್ಲ, ಸಿಡಿಯುತ್ತೆ.

ಹೊಡೆದ್ರೆ ಹೇಗಿರುತ್ತೆ? ಮೊದಲ ಗುಂಡು ಹೊಡೆದಾಗ ಹೋಯ್ತಾ ಇಲ್ವಾ ಅಂತ ನನಗೆ ಗೊತ್ತಾಗಲಿಲ್ಲ, ಒದೆತವೇ ಇಲ್ಲ, ಟಪ್ ಅಂತ ಒಂದು ಸಣ್ಣ ಸದ್ದು, ಉಂಗುರದೊಳಗೆ ಕಪ್ಪು ಹಂಗೇ ಕೂತಿತ್ತು. ಟ್ರಿಗರ್ ಮೊದಲ ಹಂತ ಸಲೀಸಾಗಿ ಬರುತ್ತೆ, ಆಮೇಲೆ ಬೆರಳಿಗೆ ಒಂದು ಗೋಡೆ ಸಿಗುತ್ತೆ, ಅಲ್ಲಿ ನಿಂತು ಉಸಿರು ಬಿಟ್ಟು ಇನ್ನೊಂಚೂರು ಒತ್ತಿದ್ರೆ ಬಿಡುತ್ತೆ, ನೂರು ಗ್ರಾಂ ಸುತ್ತಮುತ್ತ ಅಷ್ಟೇ. ಕೆನ್ನೆ ಇಡೋ ತುಂಡು, ಬಟ್ ಪ್ಲೇಟು, ಟ್ರಿಗರ್ ಜಾಗ, ಎಲ್ಲಾ ಹಿಂದೆ ಮುಂದೆ ಮೇಲೆ ಕೆಳಗೆ ಆಗುತ್ತೆ, ಬಡಗಿ ಹತ್ರ ಹೋಗೋದೇ ಬೇಡ. ಆದ್ರೆ ಸೆಟ್ ಮಾಡೋಕೆ ನನಗೆ ಎರಡು ತಿಂಗಳು ಹಿಡೀತು, ಒಂದ್ಸಲಕ್ಕೆ ಒಂದೇ ಸ್ಕ್ರೂ ಬದಲಾಯಿಸಿ, ಎಷ್ಟು ತಿರುಗಿಸಿದ್ರಿ ಅಂತ ಡೈರಿಯಲ್ಲಿ ಬರೀರಿ. ಪೂರ್ತಿ ಸೇರಿ ಐದೂವರೆ ಕೆಜಿ ದಾಟೋ ಹಾಗಿಲ್ಲ ಅನ್ನೋದೂ ನೆನಪಿರಲಿ.

ಮನೇಲಿ ಡ್ರೈ ಫೈರ್ (ಪೆಲೆಟ್ ಹಾಕ್ದೇ ಟ್ರಿಗರ್ ಒತ್ತೋ ಅಭ್ಯಾಸ) ಮಾಡೋದು ನನಗೆ ಇದ್ರಿಂದ ಸಿಕ್ಕಿದ ದೊಡ್ಡ ಲಾಭ. ಸ್ಪ್ರಿಂಗ್ ರೈಫಲ್ ಖಾಲಿ ಹೊಡೆದ್ರೆ ಪಿಸ್ಟನ್ ಹಾಳಾಗುತ್ತೆ, ಇದ್ರಲ್ಲಿ ಗಾಳಿ ಬಿಡದೇ ಟ್ರಿಗರ್ ಮಾತ್ರ ಹೊಡೀಬಹುದು. ರಾತ್ರಿ ಅಡುಗೆ ಮನೆ ಕೆಲಸ ಮುಗಿದ್ಮೇಲೆ ಗೋಡೆಗೆ ಒಂದು ಚುಕ್ಕೆ ಅಂಟಿಸಿ, ತಂಗಿ ಕೈಲಿ ಬ್ಯಾರೆಲ್ ತುದಿಗೆ ಒಂದು ರೂಪಾಯಿ ನಾಣ್ಯ ಇಡಿಸ್ಕೊಂಡು ನಿಲ್ತೀನಿ. ಮೊದಲ ವಾರ ಹತ್ತಕ್ಕೆ ಆರು ಸಲ ಬೀಳ್ತಿತ್ತು. ಈಗ ಒಂದು ಬೀಳುತ್ತೆ, ಕೆಲವು ದಿನ ಒಂದೂ ಬೀಳಲ್ಲ. ರೇಂಜಲ್ಲಿ ಸೀರೀಸ್ 90ರ ಮೇಲೆ ಬರ್ತಿದೆ, 2018ರಿಂದ ಹೆಂಗಸರಿಗೂ 60 ಗುಂಡಿನ ಮ್ಯಾಚ್ ಆಗಿರೋದ್ರಿಂದ ಕೊನೇ ಇಪ್ಪತ್ತು ಗುಂಡಿಗೆ ಸೊಂಟ ತಡ್ಕೋಬೇಕು, ಅದಕ್ಕೆ ಮುಂದಿನ ದುಡ್ಡು ಮೈಗೆ ಆಸರೆ ಕೊಡೋ ಶೂಟಿಂಗ್ ಜಾಕೆಟ್ಟಿಗೆ ಹೋಗುತ್ತೆ.

ಮೊದಲ ರೈಫಲ್ ತಗೊಳೋರಿಗೆ ನನ್ನ ಸಲಹೆ ಇಷ್ಟೇ: ಅಂಗಡಿಗೆ ಹೋಗೋ ಮುಂಚೆ ಎರಡು ತಿಂಗಳು ರೇಂಜಿನ ರೈಫಲ್ಲಲ್ಲೇ ಹೊಡೀರಿ, ಗಂಟೆಗೆ ಬಾಡಿಗೆ ಕೊಟ್ಟು. ಆಮೇಲೂ ಮನೇಲೇ ಹೊಡೀಬೇಕು ಅನ್ಸಿದ್ರೆ ಕಡಿಮೆ ಪವರಿನ, ಹಗುರಾದ, ಪೀಪ್ ಸೈಟ್ ಕೂರೋ ಸ್ಪ್ರಿಂಗ್ ರೈಫಲ್ ತಗೊಳ್ಳಿ. ಟಾರ್ಗೆಟ್ ಹಿಂದೆ ದಪ್ಪ ತಗಡಿನ ಡಬ್ಬಕ್ಕೆ ರದ್ದಿ ಪೇಪರ್ ಬಿಗಿಯಾಗಿ ತುಂಬಿಡಿ, ಪೆಲೆಟ್ ಸೀಸದ್ದು, ಹೊಡೆದಾದ್ಮೇಲೆ ಕೈ ತೊಳೀರಿ. ಹಕ್ಕಿ, ಅಳಿಲು ಕಡೆ ಬ್ಯಾರೆಲ್ ತಿರುಗಿಸೋದು ಅಂತೂ ಬೇಡ, ಅದು ಅಪರಾಧ, ಅದಕ್ಕಿಂತ ಮೊದಲು ಅದು ಜೀವ.

ಹಳೇ ರೈಫಲ್ ಮಾರ್ತೀರಾ ಅಂತ ಇಬ್ರು ಕೇಳಿದ್ರು. ಇಲ್ಲ, ಒಂದೂವರೆ ಇಂಚು ಕುಯ್ದಿರೋ ಆ ಸ್ಟಾಕು ಈಗ ನಮ್ಮ ಅಣ್ಣನ ಮಗಳ ಭುಜಕ್ಕೆ ಸರಿಯಾಗಿ ಕೂರುತ್ತೆ. ಭಾನುವಾರ ಬೆಳಿಗ್ಗೆ ನಾನು ಬ್ಯಾರೆಲ್ ಮಡಚಿ ಕೊಡ್ತೀನಿ, ಅವಳು ದಿಂಬಿನ ಮೇಲಿಟ್ಟು ಹೊಡೀತಾಳೆ.