ಬೋಲ್ಟ್ ಆಕ್ಷನ್ ಪೆನ್ ಕಿಟ್: ಕಡೆಯುವುದು ಸುಲಭ, ಒತ್ತಿ ಕೂರಿಸುವಲ್ಲಿ ಪರೀಕ್ಷೆ

ಬಂದೂಕಿನ ಬೋಲ್ಟ್ ಎಳೆಯುವ ಹಾಗೆ, ಚಿಕ್ಕ ಹಿಡಿಯನ್ನು ಮುಂದಕ್ಕೆ ತಳ್ಳಿ ಪಕ್ಕದ ಕಚ್ಚಿಗೆ ಹೊರಳಿಸಿದರೆ ರಿಫಿಲ್ ಹೊರಬಂದು ನಿಲ್ಲುವ ಪೆನ್ನು ಇದು. ಅಮೆರಿಕದ ಪೆನ್ ಸ್ಟೇಟ್ ಇಂಡಸ್ಟ್ರೀಸ್ ಮಾರುವ ಬಿಡಿಭಾಗಗಳ ಕಿಟ್‌ನಲ್ಲಿ ಪೆನ್ನಿನ ಮೂತಿ ಗುಂಡಿನ ಆಕಾರದ್ದು, ಕ್ಲಿಪ್ ಬಂದೂಕಿನ ಆಕಾರದ್ದು. ಒಳಗೆ ಹಿತ್ತಾಳೆ ಕೊಳವೆ ಅಂಟಿಸಿ, ಲೇತ್‌ನಲ್ಲಿ (ಮರವನ್ನು ತಿರುಗಿಸುತ್ತ ಕಡೆಯುವ ಯಂತ್ರ) ಕಡೆಯಬೇಕಾದ ತುಂಡು ಒಂದೇ. ಎರಡು ತುಂಡುಗಳ ಮರದ ಎಳೆ ಹೊಂದಿಸುವ ಕೆಲಸವಿಲ್ಲದ್ದರಿಂದ ಹೊಸಬರು ಇದನ್ನು ಸುಲಭ ಎಂದುಕೊಳ್ಳುತ್ತಾರೆ. ಆದರೆ ಎರಡು ತುಂಡುಗಳ ತೆಳು ಪೆನ್ನಾದ ಸ್ಲಿಮ್‌ಲೈನ್ ಕಿಟ್‌ನಲ್ಲಿರುವ ಒಂದು ಅನುಕೂಲ ಇಲ್ಲಿಲ್ಲ. ಅಲ್ಲಿ ಟ್ರಾನ್ಸ್‌ಮಿಷನ್ನನ್ನು (ತಿರುಗಿಸಿದಾಗ ರಿಫಿಲ್ಲನ್ನು ಹೊರತರುವ ಭಾಗ) ಒಂದು ಕೂದಲೆಳೆ ಹೆಚ್ಚು ಒತ್ತಿ ರಿಫಿಲ್ ಎಷ್ಟು ಹೊರಬರಬೇಕೆಂದು ಹೊಂದಿಸಬಹುದು. ಇಲ್ಲಿ ಬೋಲ್ಟ್ ಭಾಗ ಕೊಳವೆಯ ತುದಿಗೆ ಪೂರ್ತಿ ಕೂತೇ ಬಿಡುತ್ತದೆ. ಹಾಗಾಗಿ ರಿಫಿಲ್ ಸರಿಯಾಗಿ ಹೊರಬರುವುದೋ ಇಲ್ಲವೋ ಎಂಬುದು ಕೊಳವೆಯ ಉದ್ದದ ಮೇಲೆಯೇ ನಿಂತಿದೆ.

ಬೇಕಾದ ಡ್ರಿಲ್ ಬಿಟ್ 3/8 ಇಂಚಿನದು, ಅಂದರೆ 9.525 ಮಿ.ಮೀ. ಬಿಟ್ಟೂ ಬುಶಿಂಗೂ (ಕಡೆಯುವಾಗ ಎರಡು ತುದಿಗೆ ಕೂತು ದಪ್ಪದ ಅಳತೆ ತೋರುವ ಲೋಹದ ಬಳೆ) ಕಿಟ್ ಜೊತೆ ಬರುವುದಿಲ್ಲ, ಬೇರೆಯಾಗಿ ತರಿಸಬೇಕು. ನಮ್ಮ ಹಾರ್ಡ್‌ವೇರ್ ಅಂಗಡಿಯ 9.5 ಮಿ.ಮೀ. ಬಿಟ್ ಮೆದು ಮರಕ್ಕೆ ನಡೆಯುತ್ತದೆ. ಅಕ್ರಿಲಿಕ್‌ನಲ್ಲಿ ಮಾತ್ರ ಕೊಳವೆ ಬಿಗಿಯಾಗಿ, ಒಳಗೆ ತಳ್ಳುವಾಗ ಅಂಟೆಲ್ಲ ಉಜ್ಜಿಕೊಂಡು ಹೊರಬರುತ್ತದೆ. ಬ್ಲ್ಯಾಂಕನ್ನು (ಕಡೆಯಲಿರುವ ಮರ ಅಥವಾ ಅಕ್ರಿಲಿಕ್ ತುಂಡು) ಕೊಳವೆಗಿಂತ 8–10 ಮಿ.ಮೀ. ಉದ್ದ ಬಿಡಿ. ಬಿಟ್ ಆಚೆ ಕಡೆ ಹೊರಬರುವಾಗಲೇ ಮರ ಸಿಡಿಯುವುದು. ಅದು ತಲುಪುವ ಮೊದಲೇ ನಿಲ್ಲಿಸಿ, ಉಳಿದ ತುದಿಯನ್ನು ಗರಗಸದಿಂದ ಕತ್ತರಿಸಿದರೆ ರಂಧ್ರ ತಾನಾಗಿ ತೆರೆದುಕೊಳ್ಳುತ್ತದೆ.

ಹಿತ್ತಾಳೆ ಕೊಳವೆಯನ್ನು 150ರ ಉಪ್ಪು ಕಾಗದದಲ್ಲಿ ಉಜ್ಜಿ ಮಂಕು ಮಾಡಿ. ಅಂಟು ಒಳಗೆ ಹೋಗದಂತೆ ಎರಡೂ ಬಾಯಿಗಳನ್ನು ಆಲೂಗಡ್ಡೆ ಬಿಲ್ಲೆಗೆ ಚುಚ್ಚಿ ಮುಚ್ಚಿಕೊಳ್ಳಿ. ಬೀಟೆಯಂಥ ಎಣ್ಣೆಯಂಶದ ಮರವಾದರೆ ರಂಧ್ರವನ್ನು ಮೊದಲು ಅಸಿಟೋನ್‌ನಲ್ಲಿ ಒರೆಸಿ. ಅಂಟಿಗೆ ಎಪಾಕ್ಸಿಯೇ ಮೇಲು. ಸೂಪರ್ ಗ್ಲೂ ಅರ್ಧದಾರಿಯಲ್ಲೇ ಹಿಡಿದುಬಿಟ್ಟರೆ ಕೊಳವೆ ಮುಂದೂ ಹೋಗದು, ಹಿಂದೂ ಬಾರದು.

ಈ ಕಿಟ್ ಕೆಡುವುದು ಬಹುಪಾಲು ಇದರ ಮುಂದಿನ ಹಂತದಲ್ಲಿ. ಬ್ಯಾರೆಲ್ ಟ್ರಿಮ್ಮರ್‌ನಿಂದ (ಕೊಳವೆಯ ಬಾಯಿಯ ಮಟ್ಟಕ್ಕೆ ಮರವನ್ನು ಹೆರೆಯುವ ಉಪಕರಣ) ತುದಿ ಸಮ ಮಾಡುವಾಗ ಹಿತ್ತಾಳೆ ಹೊಳೆದ ಕೂಡಲೇ ನಿಲ್ಲಿಸಬೇಕು. ಅಂಟಿಸುವ ಮೊದಲೇ ಕೊಳವೆಯ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಟ್ರಿಮ್ ಆದ ಮೇಲೆ ಅದೇ ಅಂಕಿ ಸಿಗಬೇಕು. ಒಂದು ಮಿ.ಮೀ. ಸವೆದರೂ ಮೂತಿಯೂ ಬೋಲ್ಟೂ ಅಷ್ಟೇ ಹತ್ತಿರವಾಗಿ, ಹಿಡಿ ಹಿಂದಕ್ಕೆ ಬಂದಾಗಲೂ ರಿಫಿಲ್‌ನ ತುದಿ ಇಣುಕುತ್ತದೆ, ಅಂಗಿಯ ಜೇಬು ಮಸಿಯಾಗುತ್ತದೆ. ಮರ ಹಿತ್ತಾಳೆಗಿಂತ ಮೇಲೆ ಉಳಿದರೆ ಇದರ ತದ್ವಿರುದ್ಧ: ಹಿಡಿ ಕಚ್ಚಿಗೆ ಬಿದ್ದರೂ ರಿಫಿಲ್ ಸಾಕಷ್ಟು ಹೊರಬರದು.

ಕಡೆಯುವುದರಲ್ಲಿ ವಿಶೇಷವಿಲ್ಲ. ಮ್ಯಾಂಡ್ರೆಲ್, ಅಂದರೆ ಬ್ಲ್ಯಾಂಕನ್ನು ಪೋಣಿಸಿ ಲೇತ್‌ನಲ್ಲಿ ತಿರುಗಿಸುವ ಸರಳಿನ, ನಟ್ಟನ್ನು ಬೆರಳಲ್ಲಿ ಬಿಗಿದರೆ ಸಾಕು. ಜೋರು ಮಾಡಿದರೆ ಸರಳು ಬಾಗಿ ಬ್ಯಾರೆಲ್ (ಪೆನ್ನಿನ ಒಡಲು) ಅಂಡಾಕಾರವಾಗುತ್ತದೆ. ಉಜ್ಜಿ ಉಜ್ಜಿ ಬುಶಿಂಗ್ ಸವೆಯುವುದರಿಂದ, ಕೊನೆಯ ಅಳತೆಯನ್ನು ಬುಶಿಂಗ್ ನೋಡಿ ಅಲ್ಲ, ಕಿಟ್‌ನ ಲೋಹದ ಭಾಗವನ್ನೇ ಅಳೆದು ತೆಗೆದುಕೊಳ್ಳಿ. ಚನ್ನಪಟ್ಟಣದ ಬೊಂಬೆಗಳಂತೆ ಹಾಲೆ ಮರಕ್ಕೆ ಅರಗಿನ ಬಣ್ಣ ಹಚ್ಚುವ ಆಸೆಯಿದ್ದರೆ ಒಂದು ಎಚ್ಚರಿಕೆ: ಅರಗು ಘರ್ಷಣೆಯ ಬಿಸಿಯಲ್ಲಿ ಕರಗಿಯೇ ಹತ್ತುವುದು, ಅದೇ ಬಿಸಿ ಕೊಳವೆಯ ಅಂಟನ್ನೂ ಮೆದುಮಾಡಬಲ್ಲದು. ಸ್ವಲ್ಪ ಸ್ವಲ್ಪ ಹಚ್ಚಿ, ಆರಲು ಬಿಡಿ. ಸೂಪರ್ ಗ್ಲೂ ಹೊಳಪು ಕೊಟ್ಟವರು ತುದಿಗಳಲ್ಲಿ ಕಟ್ಟಿದ ಅಂಚನ್ನು ಚಪ್ಪಟೆ ಹಲಗೆಗೆ ಅಂಟಿಸಿದ 600ರ ಕಾಗದದ ಮೇಲೆ ಹಗುರವಾಗಿ ತೆಗೆಯಬೇಕು. ಬಿಟ್ಟರೆ ಒತ್ತುವಾಗ ಹೊಳಪಿನ ಪದರವೇ ಬಿರುಕು ಬಿಡುತ್ತದೆ.

ಜೋಡಣೆಗೆ ಮುಂಚೆ ಬೋಲ್ಟ್ ಭಾಗವನ್ನು ಕೈಯಲ್ಲಿ ಹಿಡಿದು ಹತ್ತಿಪ್ಪತ್ತು ಸಲ ಆಡಿಸಿ. ಎಲ್ಲಾದರೂ ಕಚ್ಚಿಕೊಂಡರೆ ಈಗಲೇ ಗೊತ್ತಾಗಲಿ. ಕೊಳವೆಯೊಳಗೆ ಒಣಗಿದ ಅಂಟಿದ್ದರೆ ಚಾಕುವಿನಿಂದ ಕೆರೆದು ತೆಗೆಯಿರಿ. ಮೊದಲು ಒತ್ತಿ ಕೂರಿಸಬೇಕಾದ್ದು ಮೂತಿಯ ಕಡೆಯ ತಿರುಪಿನ ಕಪ್ಲರ್ (ಮೂತಿಯನ್ನು ತಿರುಗಿಸಿ ಕೂರಿಸುವ ಲೋಹದ ಬಳೆ), ಆಮೇಲೆ ಬೋಲ್ಟ್. ಕ್ಲಿಪ್ ಬೋಲ್ಟ್ ಭಾಗದ ಜೊತೆಗೇ ಇರುವುದರಿಂದ, ಒತ್ತಿದ ಮೇಲೆ ತಿರುಗಿಸುವ ಹಾಗಿಲ್ಲ. ಮರದ ಅತಿ ಚೆಂದದ ಎಳೆ ಕ್ಲಿಪ್ಪಿನಡಿ ಅಡಗದಂತೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಭಾಗಗಳನ್ನು ಒತ್ತಿ ಕೂರಿಸುವ ಪೆನ್ ಪ್ರೆಸ್ ಇಲ್ಲದಿದ್ದರೆ ಲೇತ್‌ನ ಟೇಲ್‌ಸ್ಟಾಕ್ (ಮುಂದೆ ಹಿಂದೆ ಸರಿಸಬಲ್ಲ ತುದಿ) ಸಾಕು, ಎರಡೂ ಕಡೆ ಮರದ ತುಂಡು ಅಡ್ಡ ಕೊಟ್ಟು. ಬಲ ಹಿಡಿಯ ಮೇಲೆ ಬೀಳದೆ ನೇರವಾಗಿ ಹಿಂತುದಿಗೆ ಬೀಳಬೇಕು. ಮೊದಲ ಎರಡು ಮಿ.ಮೀ. ಹೋದಾಗ ನಿಲ್ಲಿಸಿ, ಸುತ್ತಲೂ ಸಂದು ಒಂದೇ ಸಮವಿದೆಯೇ ನೋಡಿ. ಓರೆಯಾಗಿ ಹೊಕ್ಕರೆ ತೆಳುವಾದ ಮರ ಉದ್ದಕ್ಕೆ ಸೀಳುತ್ತದೆ.

ರಿಫಿಲ್ ಪಾರ್ಕರ್ ಮಾದರಿಯದು, ಸುಮಾರು 98 ಮಿ.ಮೀ. ಇದು ಈ ಕಿಟ್ಟಿನ ದೊಡ್ಡ ಗುಣ: ಮಸಿ ಮುಗಿದರೆ ಊರಿನ ಪುಸ್ತಕದಂಗಡಿಯಲ್ಲೇ ಸಿಗುತ್ತದೆ. ಸ್ಪ್ರಿಂಗನ್ನು ರಿಫಿಲ್‌ಗೆ ತೊಡಿಸಿ, ಒಳಗಿಟ್ಟು, ಮೂತಿ ತಿರುಗಿಸಿದರೆ ಮುಗಿಯಿತು.

ಮೊದಲ ಪೆನ್ನಿಗೆ ಈ ಕಿಟ್ ಕೊಳ್ಳಬೇಡಿ. ಮೂರ್ನಾಲ್ಕು ಸ್ಲಿಮ್‌ಲೈನ್ ಮಾಡಿದ ಕೈಗೆ ಇದು ಖಂಡಿತ ಒಳ್ಳೆಯ ಖರೀದಿ. ತೂಕವಿದೆ, ದಪ್ಪ ಬೆರಳಿಗೆ ಹಿತ, ಹಿಡಿ ಕಚ್ಚಿಗೆ ಬೀಳುವ ಶಬ್ದವೇ ಒಂದು ಸಂತೋಷ. ತರಿಸುವಾಗ ಬಿಡಿ ಕೊಳವೆಗಳನ್ನೂ ಒಂದೆರಡು ಸೇರಿಸಿಕೊಳ್ಳಿ. ಮರ ಸೀಳಿದರೂ ಕಿಟ್ ಹಾಳಾಗಬೇಕಿಲ್ಲ: ಕಪ್ಲರ್ ಟೊಳ್ಳಾಗಿರುವುದರಿಂದ ಅದರ ಮೂಲಕ ತೆಳು ಪಂಚ್ ಇಳಿಸಿ ಬೋಲ್ಟನ್ನು ತಟ್ಟಿ ಹೊರಗೆ ತೆಗೆಯಬಹುದು. ಉಡುಗೊರೆ ಕೊಡುವುದಾದರೆ ಪಡೆದವರಿಗೆ ಒಂದು ಮಾತು ಹೇಳಿ: ಗುಂಡಿನಾಕಾರದ ಈ ಮೂತಿಯನ್ನು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಡೆಯಬಹುದು, ಕೈಚೀಲದಲ್ಲಿ ಒಯ್ಯದಿರಲಿ.